ಹತ್ತು ರಾತ್ರಿಗಳ ಅಫಿಡವಿಟ್

ಫೋಟೋ ನೋಡಿದ ತಕ್ಷಣ ಹಿತಾಳ ಕಣ್ಣು ಹೋದದ್ದು ಅಂಗಿಯ ಮೇಲೆ.

ಆಗಸ್ಟ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ. ದುಬೈನ ಜುಮೇರಾ ಲೇಕ್ ಟವರ್ಸ್‌ನ ತನ್ನ ಆಫೀಸಿನಲ್ಲಿ ಅವಳು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಮೈಸೂರಿನ ಕಾಲೇಜು ಗೆಳತಿಯರ ವಾಟ್ಸಾಪ್ ಗುಂಪಿಗೆ ಯಾರೋ ನ್ಯೂಸ್ ಚಾನೆಲ್ಲಿನ ತುಣುಕೊಂದನ್ನು ಹಾಕಿ ಮರುಕ್ಷಣವೇ ಅಳಿಸಿದ್ದರು. ಅಳಿಸಿದ್ದಕ್ಕೇ ಅನುಮಾನ ಬಂದು ಅವಳು ಆ ಚಾನೆಲ್ಲನ್ನು ಯೂಟ್ಯೂಬಿನಲ್ಲಿ ಹುಡುಕಿದಳು. ಮೊದಲಿಗೇ ಸಿಕ್ಕಿತು. ‘ಅಬುಧಾಬಿ ಹೋಟೆಲಿನಲ್ಲಿ ಎ.ಜಿ. ಸಾಹೇಬರ ತಿಂಡಿ’ ಎಂದು ಕೆಂಪು ಅಕ್ಷರ. ಕೆಳಗೆ ಫೋಟೋ: ದೊಡ್ಡ ಗಾಜಿನ ಕಿಟಕಿ, ಅದರಾಚೆ ಸಮುದ್ರ, ಈಚೆ ಮೇಜಿಗೆ ಎದುರುಬದುರಾಗಿ ಇಬ್ಬರು. ಒಬ್ಬ ಗ್ರಾನೈಟ್ ಕ್ವಾರಿಗಳ ಮಾಲೀಕ ಪೂವಪ್ಪ. ಇನ್ನೊಬ್ಬರು ಅವಳ ಅಪ್ಪ ಶಾಮಸುಂದರ, ರಾಜ್ಯದ ಅಡ್ವೊಕೇಟ್ ಜನರಲ್, ಎಂದರೆ ಸರ್ಕಾರದ ಪರವಾಗಿ ಹೈಕೋರ್ಟಿನಲ್ಲಿ ನಿಲ್ಲುವ ಅತಿ ಹಿರಿಯ ವಕೀಲರು.

ಕಾಡಿನ ಜಾಗದಲ್ಲಿ ಕಲ್ಲು ತೆಗೆಯುತ್ತಿದ್ದಾನೆಂದು ಸರ್ಕಾರ ಪೂವಪ್ಪನ ಮೇಲೆ ಕೇಸು ಹಾಕಿತ್ತು. ಆ ಕೇಸಿನಲ್ಲಿ ಸರ್ಕಾರದ ವಕೀಲರು ಅಪ್ಪನೇ. ಜನವರಿಯಲ್ಲಿ ಅಬುಧಾಬಿಯಲ್ಲಿ ಇಬ್ಬರೂ ಭೇಟಿಯಾದರು, ಆಮೇಲೆ ಸರ್ಕಾರದ ಕಡೆಯಿಂದ ನಾಲ್ಕು ಸಲ ಬರೀ ಕಾಲಾವಕಾಶ ಕೇಳಲಾಯಿತು, ಅಷ್ಟರಲ್ಲಿ ಕ್ವಾರಿ ಅರ್ಧ ಗುಡ್ಡ ತಿಂದು ಹಾಕಿತು ಎಂದು ಚಾನೆಲ್ಲಿನವನು ಕೂಗುತ್ತಿದ್ದ. ಅಪ್ಪ ಅದಕ್ಕೆ ಪತ್ರಿಕಾ ಹೇಳಿಕೆ ಕೊಟ್ಟಿದ್ದರು: ಅದು ಮೂರು ವರ್ಷ ಹಿಂದಿನ ಫೋಟೋ, ವಕೀಲರ ಸಮ್ಮೇಳನಕ್ಕೆ ಹೋದಾಗಿನದು; ಈ ಜನವರಿಯಲ್ಲಿ ತಾನು ದುಬೈನಲ್ಲಿದ್ದದ್ದು ಮೊಮ್ಮಗಳ ಹುಟ್ಟುಹಬ್ಬಕ್ಕೆ, ಇದ್ದಷ್ಟೂ ದಿನ ಮಗಳ ಮನೆಯಲ್ಲೇ.

ಹಿತಾ ಫೋಟೋ ದೊಡ್ಡದು ಮಾಡಿದಳು. ಕಡುನೀಲಿ ಅಂಗಿ, ಸಣ್ಣ ಬಿಳಿ ಚೌಕಳಿ, ಜೇಬಿನಂಚಿಗೆ ಕೆಂಪು ದಾರದ ಗೆರೆ. ಅಪ್ಪ ಬಂದ ಮರುದಿನ, ಜನವರಿ ಒಂಬತ್ತರಂದು, ಅಲ್ ಬರ್ಷಾದ ಮಾಲಿನಲ್ಲಿ ಅವಳೇ ಆರಿಸಿ ಕೊಡಿಸಿದ ಅಂಗಿ ಅದು. ತೋಳು ಉದ್ದವಾಯಿತೆಂದು ಕರಾಮದ ಟೈಲರ್ ಹತ್ತಿರ ಒಯ್ದು ಚಿಕ್ಕದು ಮಾಡಿಸಿದ್ದವಳೂ ಅವಳೇ.

ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು.

ಅವಳ ಕೆಲಸವೇ ಇಂಥದ್ದು. ಕಂಪನಿಯ ಜೊತೆ ವ್ಯವಹಾರ ಮಾಡಲು ಬರುವವರ ಪಾಸ್‌ಪೋರ್ಟ್, ಲೈಸೆನ್ಸ್, ವಿಳಾಸಗಳನ್ನು ಒಂದಕ್ಕೊಂದು ಹೋಲಿಸಿ, ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಗುರುತು ಹಾಕಬೇಕು. ಹಾಗೆ ಗುರುತು ಹಾಕುವಾಗ ಎದುರಿಗಿರುವವರು ಯಾರೋ ಆಗಿರುತ್ತಾರೆ, ಅವಳಿಗೆ ಏನೂ ಅನ್ನಿಸುವುದಿಲ್ಲ. ಇವತ್ತು ಗುರುತು ಹಾಕಬೇಕಾದ ಹೆಸರು ಅಪ್ಪನದು.

ಜನವರಿ ಎಂಟಕ್ಕೆ ಬಂದ ಅಪ್ಪ ಹದಿನೆಂಟರ ಬೆಳಿಗ್ಗೆ ಹೊರಟಿದ್ದರು. ಒಟ್ಟು ಹತ್ತು ರಾತ್ರಿ. ಅದರಲ್ಲಿ ಹನ್ನೊಂದು, ಹನ್ನೆರಡು, ಈ ಎರಡು ರಾತ್ರಿ ಅವರು ಮನೆಯಲ್ಲಿರಲಿಲ್ಲ. ‘ಅಬುಧಾಬಿಯಲ್ಲಿ ಪಾಯ್ಸ್ ಇದ್ದಾನಲ್ಲ, ಲಾ ಕಾಲೇಜಿನವನು, ಅವನ ಮನೇಲಿ ಎರಡು ದಿನ ಇದ್ದು ಬರ್ತೀನಿ’ ಎಂದು ಹೊರಟವರನ್ನು ಅವಳ ಗಂಡ ನಂದನ್ ಕಾರಿನಲ್ಲಿ ಬಿಟ್ಟು ಬಂದಿದ್ದ. ಪಾಯ್ಸ್ ಅಂಕಲ್ ಮನೆಯಲ್ಲಿದ್ದವರು ಸಮುದ್ರದ ಪಕ್ಕದ ಹೋಟೆಲಿನಲ್ಲಿ ತಿಂಡಿಗೆ ಹೋಗಿರಬಹುದು, ಅಲ್ಲಿ ಪೂವಪ್ಪ ಆಕಸ್ಮಿಕವಾಗಿ ಸಿಕ್ಕಿರಬಹುದು. ಇರಬಹುದು. ಹಾಗಾದರೆ ಮೂರು ವರ್ಷ ಹಿಂದಿನ ಫೋಟೋ ಎಂದು ಯಾಕೆ ಹೇಳಬೇಕು?

ಗುರುವಾರ ಸುಮಿತ್ ಫೋನ್ ಮಾಡಿದ. ಅಪ್ಪನ ಛೇಂಬರಿನ ಜೂನಿಯರ್. ಹಿತಾಳನ್ನು ಅಕ್ಕ ಎನ್ನುತ್ತಾನೆ.

“ಅಕ್ಕ, ಮೇಲ್ ನೋಡಿದ್ರಾ? ಒಂದು ಅಫಿಡವಿಟ್ ಕಳಿಸಿದೀನಿ. ಕಾನ್ಸುಲೇಟಿನಲ್ಲಿ ಪ್ರಮಾಣ ಮಾಡಿ, ಸೀಲ್ ಹಾಕಿಸಿ ಸ್ಕ್ಯಾನ್ ಕಳಿಸಿ. ಮೂಲ ಪ್ರತಿ ಕೊರಿಯರ್ ಮಾಡಿದ್ರೆ ಸಾಕು. ಸೋಮವಾರದೊಳಗೆ ಬೇಕು.”

“ಅಷ್ಟು ಅವಸರ ಏನು ಸುಮಿತ್?”

“ಸದನ ಸಮಿತಿ ಸರ್‌ನ ಕರೆದಿದೆ ಅಕ್ಕ. ಜಡ್ಜುಗಳನ್ನ ತೆಗೆಯೋಕೆ ಮಹಾಭಿಯೋಗ ಅಂತ ಇದೆ, ಎ.ಜಿ.ಗೆ ಅಂಥದ್ದೇನೂ ಇಲ್ಲ. ರಾಜ್ಯಪಾಲರು ಬೇಡ ಅಂದ್ರೆ ಮುಗೀತು. ಆದ್ರೆ ಈ ಸಲ ಹಾಗೆ ಸುಮ್ಮನೆ ಕಳಿಸೋಕೆ ಸರ್ಕಾರದವರಿಗೆ ಇಷ್ಟ ಇಲ್ಲ. ವಿಚಾರಣೆ ಮಾಡಿ, ಸದನದಲ್ಲಿ ನಿರ್ಣಯ ಪಾಸು ಮಾಡಿ, ಮಾನ ಕಳೆದೇ ಕಳಿಸಬೇಕು ಅಂತ. ಟೀವಿಯವರಂತೂ ಮಹಾಭಿಯೋಗ ಅಂತಲೇ ಹಾಕ್ತಿದಾರೆ.”

ಮೇಲ್ ತೆರೆದಳು. ಒಂದೂವರೆ ಪುಟ. ನಾಲ್ಕನೇ ಪ್ಯಾರಾ ಹೀಗಿತ್ತು: ‘ನನ್ನ ತಂದೆಯವರು ಜನವರಿ 8ರಿಂದ 17ರವರೆಗಿನ ಹತ್ತು ರಾತ್ರಿಗಳನ್ನೂ ಅಲ್ ಬರ್ಷಾದ ನನ್ನ ನಿವಾಸದಲ್ಲಿಯೇ ಕಳೆದಿರುತ್ತಾರೆ ಎಂದು ನನ್ನ ಸ್ವಂತ ತಿಳಿವಳಿಕೆಯಿಂದ ಪ್ರಮಾಣ ಮಾಡಿ ಹೇಳುತ್ತೇನೆ.’

ಅವಳು ಅಪ್ಪನಿಗೇ ಫೋನ್ ಮಾಡಿದಳು.

“ಅಪ್ಪ, ಇದರಲ್ಲಿ ಹತ್ತು ರಾತ್ರಿ ಅಂತ ಇದೆ. ಎರಡು ರಾತ್ರಿ ನೀವು ಪಾಯ್ಸ್ ಅಂಕಲ್ ಮನೇಲಿದ್ರಲ್ಲ? ಸುಮಿತ್‌ಗೆ ಗೊತ್ತಿಲ್ವೇನೋ.”

“ಗೊತ್ತು ಪುಟ್ಟಿ. ಆ ಎರಡು ದಿನ ಎತ್ತಬೇಡ. ಅಬುಧಾಬಿ ಅನ್ನೋ ಹೆಸರು ಕಾಗದದಲ್ಲಿ ಬಂದ್ರೆ ಅವರಿಗೆ ಹಬ್ಬ.”

“ಪಾಯ್ಸ್ ಅಂಕಲ್ ಅವರೇ ಒಂದು ಅಫಿಡವಿಟ್ ಕೊಟ್ರೆ? ಇನ್ನೂ ಗಟ್ಟಿ ಆಗುತ್ತಲ್ಲ?”

“ಪಾಪ, ಅವನನ್ನ ಯಾಕೆ ಎಳೆಯೋದು? ಬೇರೆ ದೇಶದಲ್ಲಿ ಕೆಲಸ ಮಾಡ್ಕೊಂಡಿದಾನೆ. ನೀನು ಸಹಿ ಹಾಕು. ಉಳಿದದ್ದು ನಾನು ನೋಡ್ಕೋತೀನಿ.”

ಅಂಗಿಯ ವಿಷಯ ಅವಳ ನಾಲಿಗೆಯ ತುದಿಯವರೆಗೆ ಬಂತು. ಕೇಳಲಿಲ್ಲ. ಕೇಳಿದರೆ ಅಪ್ಪ ಏನೋ ಒಂದು ಉತ್ತರ ಕೊಡುತ್ತಾರೆ, ಆ ಉತ್ತರವನ್ನೂ ತಾನು ತಾಳೆ ನೋಡಬೇಕಾಗುತ್ತದೆ ಎಂದು ಹೆದರಿದಳು.

ಸಂಜೆ ನಂದನ್ ಬಂದಾಗ ಅವಳು ಎಲ್ಲ ಹೇಳಿದಳು, ಅಂಗಿಯೊಂದನ್ನು ಬಿಟ್ಟು. ನಂದನ್ ಶೂ ಬಿಚ್ಚುತ್ತಾ ಕೇಳಿಸಿಕೊಂಡ.

“ಸಹಿ ಹಾಕಿ ಕಳಿಸು ಹಿತಾ. ಖಲಾಸ್. ಹತ್ತೋ ಎಂಟೋ, ಯಾರು ಎಣಿಸ್ತಾರೆ?”

“ಪ್ರಮಾಣ ಮಾಡಿ ಹೇಳಬೇಕು ನಂದು. ಸುಳ್ಳು ಪ್ರಮಾಣ ಆಗುತ್ತೆ.”

“ಅವರು ನಿನ್ನ ಅಪ್ಪ. ಅವರ ಕುತ್ತಿಗೆಗೆ ಹಗ್ಗ ಬಿದ್ದಿರೋವಾಗ ನೀನು ವಾಕ್ಯ ತಿದ್ದುತಾ ಕೂತಿದೀಯ.”

ಅವನ ದನಿ ಸ್ವಲ್ಪ ಜೋರೇ ಇತ್ತು. ಸಾಮಾನ್ಯವಾಗಿ ಮಾವನ ವಿಷಯದಲ್ಲಿ ಅವನು ಹೀಗೆ ಬಿಸಿಯಾಗುವವನಲ್ಲ. ಹಬ್ಬಕ್ಕೊಂದು ಫೋನು, ಅಷ್ಟೇ. ಹಿತಾ ನೀರು ತಂದುಕೊಟ್ಟು ಸಹಜವಾಗಿ ಕೇಳುವಂತೆ ಕೇಳಿದಳು.

“ಅವತ್ತು ಅಪ್ಪನ್ನ ಬಿಟ್ಟು ಬಂದ್ಯಲ್ಲ, ಪಾಯ್ಸ್ ಅಂಕಲ್ ಮನೆ ಎಲ್ಲಿ?”

“ಅದೇ... ಕಾರ್ನಿಶ್ ಹತ್ತಿರ. ಒಂದು ದೊಡ್ಡ ಬಿಲ್ಡಿಂಗ್. ಕೆಳಗೇ ಇಳಿಸಿ ಬಂದೆ, ಸರಿಯಾಗಿ ನೆನಪಿಲ್ಲ.”

ಪಾಯ್ಸ್ ಹಿಂದೊಂದು ಕ್ರಿಸ್‌ಮಸ್‌ಗೆ ಕಳಿಸಿದ್ದ ಕೇಕಿನ ಡಬ್ಬಿಯ ಮೇಲೆ ವಿಳಾಸವಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮುಸಫ್ಫಾ, ಶಾಬಿಯಾ. ಅದು ಸಮುದ್ರ ದಂಡೆಯ ಕಾರ್ನಿಶ್ ರಸ್ತೆಯಿಂದ ಅರ್ಧ ಗಂಟೆಗೂ ಹೆಚ್ಚಿನ ದಾರಿ.

ಶುಕ್ರವಾರ ಮಧ್ಯಾಹ್ನ ಆಫೀಸು ಬೇಗ ಬಿಟ್ಟಿತು. ಮಗಳು ನಿಸರ್ಗಳನ್ನು ಸಮ್ಮರ್ ಕ್ಯಾಂಪಿನ ಬಸ್ಸಿನಿಂದ ಇಳಿಸಿಕೊಂಡು ಕರಾಮಕ್ಕೆ ಹೋದಳು. ವಾರಕ್ಕೊಮ್ಮೆ ಅಲ್ಲಿ ತರಕಾರಿ, ಹೂವು, ಆಮೇಲೆ ಮಗಳಿಗೆ ಮಸಾಲೆ ದೋಸೆ. ಹೋಟೆಲಿನಲ್ಲಿ ಕನ್ನಡದವರದೇ ಎರಡು ಮೇಜು. ಇವಳು ಒಳಗೆ ಬಂದದ್ದೇ ಮಾತು ತಟಕ್ಕನೆ ನಿಂತಿತು. ಪರಿಚಯದ ಹೆಂಗಸೊಬ್ಬರು ಅತಿಯಾಗಿ ನಕ್ಕು, “ಊರಲ್ಲಿ ಎಲ್ಲ ಚೆನ್ನಾಗಿದಾರಾ?” ಎಂದರು. “ಚೆನ್ನಾಗಿದಾರೆ” ಎಂದಳು ಹಿತಾ. ಅವರ ಗಂಡ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಅದರಲ್ಲಿ ಏನಿತ್ತೋ, ಕ್ರಿಕೆಟ್ ಇದ್ದರೂ ಇರಬಹುದು. ಆದರೆ ಅವಳು ಆ ಮೇಜಿನಿಂದ ಕಣ್ಣು ಕೀಳಲಿಲ್ಲ.

“ಮಮ್ಮಾ, ವೈ ಆರ್ ಯು ಸ್ಟೇರಿಂಗ್ ಅಟ್ ದೆಮ್?” ಎಂದಳು ನಿಸರ್ಗ.

ಮರುದಿನ ಶನಿವಾರ ಬೆಳಿಗ್ಗೆ, ಮಗಳನ್ನು ಈಜಿನ ಕ್ಲಾಸಿಗೆ ಕರೆದೊಯ್ಯುವ ಕೆಲಸ ನಂದನ್‌ಗೆ ವಹಿಸಿ, ಆಫೀಸಿನ ಕೆಲಸವಿದೆ ಎಂದು ಹೇಳಿ ಹೊರಟಳು. ಅದು ಸುಳ್ಳು. ಈ ಒಂದು ವಾರದಲ್ಲಿ ಮನೆಯಲ್ಲಿ ಎಲ್ಲರೂ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದೇವೆ ಎಂದುಕೊಂಡು ಮೆಟ್ರೋ ಹತ್ತಿದಳು. ಇಬ್ನ್ ಬತೂತಾದಲ್ಲಿ ಇಳಿದು ಅಬುಧಾಬಿ ಬಸ್ಸು ಹಿಡಿದಳು. ಅಲ್ಲಿಂದ ಟ್ಯಾಕ್ಸಿಯಲ್ಲಿ ಮುಸಫ್ಫಾ.

ಪಾಯ್ಸ್ ದಪ್ಪಗೆ, ಬೆಳ್ಳಗೆ, ನಗುಮುಖದವರು. ಒಂದು ಕಂಪನಿಯಲ್ಲಿ ಕಾನೂನು ಕಾಗದಗಳ ಕೆಲಸ. ಅವಳು ಫೋನ್ ಮಾಡಿಯೇ ಹೋಗಿದ್ದರಿಂದ ಬಾಗಿಲಲ್ಲೇ ಕಾಯುತ್ತಿದ್ದರು.

“ಬಾ ಬಾ. ನಿನ್ನ ಅಪ್ಪನಿಗೆ ಎಂಥ ಕಷ್ಟ ಬಂತು ಮಾರಾಯ್ತಿ! ಎರಡು ರಾತ್ರಿ ಇಲ್ಲಿಯೇ ಇದ್ದದ್ದು ಅವನು, ಈ ರೂಮಿನಲ್ಲಿಯೇ. ಹನ್ನೊಂದು ಮತ್ತು ಹನ್ನೆರಡು. ಹಾಸ್ಟೆಲಿನ ಕತೆ ಎಲ್ಲ ಮಾತಾಡಿದ್ದೇ ಮಾತಾಡಿದ್ದು.”

ಹಿತಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅವಳು ಏನನ್ನೂ ಕೇಳಿರಲಿಲ್ಲ. ಕೇಳದೆಯೇ ತಾರೀಕು ಸಮೇತ ಬಂದ ಉತ್ತರ ಅವಳನ್ನು ಇನ್ನಷ್ಟು ಎಚ್ಚರಗೊಳಿಸಿತು.

ಪಾಯ್ಸರ ಹೆಂಡತಿ ಅಗಾತಾ ಚಹಾ, ಗುಳಿಯಪ್ಪ ತಂದಿಟ್ಟರು. ಮಗಳ ಶಾಲೆ, ಬಿಸಿಲು, ಬಾಡಿಗೆ ಎಂದೆಲ್ಲ ಮಾತು ಹೋಯಿತು. ಪಾಯ್ಸ್‌ಗೆ ಯಾವುದೋ ಫೋನ್ ಬಂದು ಬಾಲ್ಕನಿಗೆ ಹೋದಾಗ ಹಿತಾ, “ಆಂಟಿ, ಜನವರಿಯಲ್ಲಿ ಅಪ್ಪ ಬಂದು ನಿಮಗೆ ತೊಂದರೆ ಕೊಟ್ರೇನೋ” ಎಂದಳು.

“ಜನವರಿಯಲ್ಲಾ?” ಅಗಾತಾ ಹುಬ್ಬೇರಿಸಿದರು. “ಜನವರಿಯಲ್ಲಿ ನಾವು ಇಲ್ಲಿ ಇರಲೇ ಇಲ್ಲ ಅಲ್ಲವಾ? ಕ್ರಿಸ್‌ಮಸ್‌ಗೆ ಊರಿಗೆ ಹೋದವರು ನನ್ನ ತಮ್ಮನ ಮಗಳ ಮದುವೆ ಮುಗಿಸಿಯೇ ಬಂದದ್ದು. ಮದುವೆ ಹದಿನಾಲ್ಕಕ್ಕೆ. ನಿನ್ನ ಅಪ್ಪ ಬಂದದ್ದು ಅದರ ಹಿಂದಿನ ವರ್ಷ ಇರಬೇಕು.”

ಬಾಲ್ಕನಿಯ ಬಾಗಿಲು ಸರಿದ ಸದ್ದಾಯಿತು. ಪಾಯ್ಸ್ ಹೆಂಡತಿಯ ಮುಖ ನೋಡಿದರು, ಹಿತಾಳ ಮುಖ ನೋಡಿದರು. ನಗು ಆರಿತು. ಅಗಾತಾಗೆ ಏನೋ ಎಡವಟ್ಟಾಯಿತೆಂದು ಗೊತ್ತಾಗಿ, ಖಾಲಿಯಾಗದ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದರು.

“ನಿನ್ನ ಅಪ್ಪ ಮೊನ್ನೆ ಫೋನ್ ಮಾಡಿದ್ದ” ಎಂದರು ಪಾಯ್ಸ್, ಕೂತು. “ಹಿತಾ ಏನಾದರೂ ಕೇಳಿದರೆ ಇಲ್ಲಿ ಇದ್ದೆ ಅಂತ ಹೇಳು ಅಂದ. ನಲವತ್ತು ವರ್ಷದ ಸ್ನೇಹ. ಯಾಕೆ ಅಂತ ನಾನು ಕೇಳಲಿಲ್ಲ. ಎಲ್ಲಿದ್ದ ಅಂತ ನನಗೆ ಗೊತ್ತಿಲ್ಲ, ದೇವರಾಣೆ. ಬರೆದು ಕೊಡು ಅಂದರೆ ಮಾತ್ರ ನಾನು ಕೊಡುವುದಿಲ್ಲ ಅಂತ ಅವನಿಗೂ ಹೇಳಿದ್ದೇನೆ.”

“ಪರವಾಗಿಲ್ಲ ಅಂಕಲ್.”

“ಅವನು ಕೆಟ್ಟವನಲ್ಲ ಹಿತಾ.”

“ಗೊತ್ತು” ಎಂದಳು. ಹೇಳಿದ ಮೇಲೆ, ತನಗೆ ನಿಜವಾಗಿಯೂ ಗೊತ್ತಿದೆಯೇ ಎಂದು ಯೋಚಿಸುತ್ತಾ ಬಸ್ಸಿನವರೆಗೂ ಬಂದಳು.

ವಾಪಸು ಬರುವ ಎರಡು ಗಂಟೆ ಅವಳ ತಲೆಯಲ್ಲಿ ಅಪ್ಪ ಹಿಂದಕ್ಕೆ ಸರಿದು ನಂದನ್ ಮುಂದೆ ಬಂದ. ಅಪ್ಪನನ್ನು ಕಾರಿನಲ್ಲಿ ಕರೆದೊಯ್ದವನು ಅವನು. ಕರೆತಂದವನೂ ಅವನೇ. ಕಾರ್ನಿಶ್ ಹತ್ತಿರ ದೊಡ್ಡ ಬಿಲ್ಡಿಂಗ್. ಕಳೆದ ನವೆಂಬರಿನಲ್ಲಿ ನಂದನ್‌ನ ಹಳೆಯ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತ್ತು. ವೀಸಾಕ್ಕೇನೂ ತೊಂದರೆಯಾಗಲಿಲ್ಲ, ಹಿತಾಳ ಸ್ಪಾನ್ಸರ್ ಮೇಲೆ ಮಾಡಿಸಿದರು. ಆದರೆ ಎರಡು ತಿಂಗಳು ಅವನು ಸೋಫಾದ ಮೇಲೆ ಕೂತು ಗೋಡೆ ನೋಡಿದ. ಗಡ್ಡ ಬಿಟ್ಟ. ಮಗಳು ಮಾತಾಡಿಸಿದರೆ ಬೆಚ್ಚುತ್ತಿದ್ದ. ಹಿತಾ ಒಂದು ದಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಪ್ಪನಿಗೆ ಫೋನ್ ಮಾಡಿ ಅತ್ತಿದ್ದಳು. ‘ನನಗೆ ಭಯ ಆಗ್ತಿದೆ ಅಪ್ಪ, ಇವನು ಏನಾದರೂ ಮಾಡ್ಕೋತಾನೆ.’ ಅಪ್ಪ ಬಂದದ್ದು ಅದಾಗಿ ಮೂರು ವಾರಕ್ಕೆ. ನಂದನ್‌ಗೆ ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದು ಫೆಬ್ರವರಿಯಲ್ಲಿ.

ಕಟ್ಟಡ ಸಾಮಗ್ರಿ. ಅವಳು ಬಸ್ಸಿನಲ್ಲೇ ಫೋನ್ ತೆರೆದು ಆ ಕಂಪನಿಯ ಹೆಸರು ಹಾಕಿದಳು. ಆರು ತಿಂಗಳಿಂದ ಗಂಡ ಕೆಲಸ ಮಾಡುತ್ತಿರುವ ಕಂಪನಿಯನ್ನು ಅವಳು ಒಮ್ಮೆಯೂ ಹುಡುಕಿರಲಿಲ್ಲ. ಟೈಲ್ಸ್, ಮಾರ್ಬಲ್, ಭಾರತದಿಂದ ತರಿಸಿದ ಗ್ರಾನೈಟ್. ‘ನಮ್ಮ ಸಹಭಾಗಿಗಳು’ ಎಂಬ ಪುಟದಲ್ಲಿ ಎಂಟು ಕಂಪನಿಗಳ ಹೆಸರಿತ್ತು. ಐದನೆಯದು ಪೂವಪ್ಪನದು.

ಮನೆಗೆ ಬಂದಾಗ ಮಧ್ಯಾಹ್ನ ಮೂರು. ನಿಸರ್ಗ ಈಜಿ ಬಂದು ನಿದ್ದೆ ಹೋಗಿದ್ದಳು. ನಂದನ್ ಅನ್ನ, ಸಾರು ಮಾಡಿಟ್ಟಿದ್ದ. ಹಿತಾ ಬ್ಯಾಗನ್ನೂ ಕೆಳಗಿಡದೆ ಹೇಳಿದಳು.

“ಪಾಯ್ಸ್ ಅಂಕಲ್ ಮನೆಗೆ ಹೋಗಿದ್ದೆ.”

ಅವನು ಸೌಟನ್ನು ಪಾತ್ರೆಯಲ್ಲೇ ಬಿಟ್ಟ. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಬಹುಶಃ ಅವನಿಗೂ ಸಾಕಾಗಿತ್ತು.

“ಹೋಟೆಲಿನ ಮುಂದೆ ಇಳಿಸಿದೆ. ಪೂವಪ್ಪ ಕೆಳಗೇ ಕಾಯ್ತಿದ್ದ. ನೀವೂ ಊಟಕ್ಕೆ ಬನ್ನಿ ಅಂದ, ಹೋದೆ. ಏನು ಓದಿದೀರಿ, ಎಲ್ಲಿ ಕೆಲಸ ಮಾಡ್ತಿದ್ರಿ ಅಂತೆಲ್ಲ ಕೇಳಿದ. ನಮಗೆ ಇಲ್ಲಿ ನಂಬಿಕೆಯ ಒಬ್ಬರು ಬೇಕಾಗಿದ್ರು ಅಂದ. ಮಾವ ಏನೂ ಮಾತಾಡಲಿಲ್ಲ. ಸೂಪು ಕುಡೀತಾ ಇದ್ರು. ಎರಡು ದಿನ ಬಿಟ್ಟು ಕರ್ಕೊಂಡು ಬರೋಕೆ ಹೋದಾಗ ಕಾರಲ್ಲಿ ಹೇಳಿದ್ರು, ಹಿತಾಗೆ ಹೇಳಬೇಡ, ಅವಳು ಸುಮ್ಮನೆ ಏನೇನೋ ಅಂದ್ಕೋತಾಳೆ ಅಂತ.”

“ನೀನು ಏನಂದ್ಕೊಂಡೆ?”

“ನಾನು ಏನೂ ಅಂದ್ಕೊಳ್ಳಲಿಲ್ಲ ಹಿತಾ. ಅಂದ್ಕೊಳ್ಳೋ ಹಾಗಿರಲಿಲ್ಲ ಆಗ ನನ್ನ ಸ್ಥಿತಿ. ಕೆಲಸ ಸಿಕ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಎಲ್ಲಾದರೂ ಹೋಗೋಕೆ ಒಂದು ಜಾಗ ಸಿಕ್ತು.”

ಅವಳಿಗೆ ಕೂಗಾಡಬೇಕು ಅನ್ನಿಸಿತು. ಆದರೆ ಆ ಎರಡು ತಿಂಗಳ ಅವನ ಮುಖ ನೆನಪಾಯಿತು. ಫೆಬ್ರವರಿಯಲ್ಲಿ ಗಡ್ಡ ತೆಗೆದು ಬಂದು ಮಗಳನ್ನು ಎತ್ತಿಕೊಂಡ ದಿನ ತಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೂ ನೆನಪಾಯಿತು. ಬ್ಯಾಗು ಹಿಡಿದೇ ಕುರ್ಚಿಯ ಮೇಲೆ ಕೂತಳು.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ವೀಡಿಯೋ ಕಾಲ್ ಮಾಡಿದಳು. ಅಪ್ಪ ಮನೆಯ ಆಫೀಸು ಕೋಣೆಯಲ್ಲಿದ್ದರು, ಹಿಂದೆ ಕಾನೂನು ಪುಸ್ತಕಗಳ ಸಾಲು. ವಾರದಲ್ಲಿ ಇಳಿದುಹೋಗಿದ್ದರು.

“ಆ ಅಂಗಿ ನಾನು ಕೊಡಿಸಿದ್ದು ಅಪ್ಪ” ಎಂದಳು ನೇರವಾಗಿ.

ಶಾಮಸುಂದರ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

“ನಂದನ್ ಹೇಳಿದನಾ?”

“ಎಲ್ಲಾ.”

“ಸರಿ. ಹಾಗಾದರೆ ಇದನ್ನೂ ಕೇಳು. ಜೂನ್‌ನಲ್ಲಿ ಒಬ್ಬ ಮಂತ್ರಿಯ ಭಾವಮೈದುನನಿಗೆ ಒಂದು ಕೆರೆ ಅಂಗಳ ಬೇಕಾಗಿತ್ತು. ಅದು ಕೆರೆಯೇ ಅಲ್ಲ ಅಂತ ನಾನು ಅಭಿಪ್ರಾಯ ಬರೆದು ಕೊಡಬೇಕಿತ್ತು. ಮೂರು ಸಲ ಹೇಳಿ ಕಳಿಸಿದರು. ನಾನು ಬರೆಯಲಿಲ್ಲ. ಈ ತಿಂಗಳು ಈ ಫೋಟೋ ಹೊರಗೆ ಬಂತು. ಅಂದರೆ ಏಳು ತಿಂಗಳು ಯಾರದೋ ಜೇಬಲ್ಲಿತ್ತು. ನಾನು ಬರೆದು ಕೊಟ್ಟಿದ್ದರೆ ಇನ್ನೂ ಜೇಬಲ್ಲೇ ಇರ್ತಿತ್ತು. ಅವರು ನನ್ನ ತೆಗೀತಿರೋದು ಪೂವಪ್ಪನಿಗಾಗಿ ಅಲ್ಲ, ಆ ಕೆರೆಗಾಗಿ.”

“ನಂಬ್ತೀನಿ ಅಪ್ಪ. ಆದರೆ ಫೋಟೋ ನಿಜ ತಾನೆ?”

ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದರು.

“ನಾಲ್ಕು ಸಲ ಟೈಮ್ ಕೇಳಿದ್ದು?”

“ಫೈಲು ಬಂದಿರಲಿಲ್ಲ. ಮೊದಲನೇ ಸಲ ನಿಜವಾಗಿಯೂ ಬಂದಿರಲಿಲ್ಲ” ಎಂದರು. ಆಮೇಲೆ ದನಿ ಇಳಿಸಿ, “ನೀನು ಅವತ್ತು ಫೋನಲ್ಲಿ ಅತ್ತೆ. ಆ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾರನ್ನ ಕೇಳಲಿ? ದುಬೈನಲ್ಲಿ ಕೆಲಸ ಕೊಡಿಸಬಲ್ಲವನು ಅಂತ ನನಗೆ ಗೊತ್ತಿದ್ದವನು ಪೂವಪ್ಪ ಒಬ್ಬನೇ” ಎಂದರು.

ಈ ಮಾತು ಅವಳನ್ನು ಮೆತ್ತಗೆ ಮಾಡಿತು. ಮೆತ್ತಗಾದ ಮರುಕ್ಷಣವೇ, ಇದನ್ನು ಹೇಳಿದ್ದು ತನ್ನ ಸಹಿ ಪಡೆಯುವುದಕ್ಕೇನೋ ಎಂಬ ಗುಮಾನಿ ಎದ್ದಿತು. ಅಪ್ಪನ ಕಣ್ಣನ್ನು ಪರದೆಯ ಮೇಲೆ ಹುಡುಕಿದಳು. ಅಷ್ಟು ಸಣ್ಣ ಕಣ್ಣಿನಲ್ಲಿ ಏನೂ ಕಾಣಿಸಲಿಲ್ಲ.

“ನಾನು ಹತ್ತು ರಾತ್ರಿ ಅಂತ ಬರೆಯೋಲ್ಲ ಅಪ್ಪ.”

“ಬರೆಯದಿದ್ದರೆ ಅದೂ ಒಂದು ಸಾಕ್ಷಿ ಆಗುತ್ತೆ. ಮಗಳೇ ಕೊಡಲಿಲ್ಲ ಅಂತಾರೆ.”

“ಬರೆಯೋಲ್ಲ ಅಂದಿಲ್ಲ. ನನಗೆ ಗೊತ್ತಿರೋದು ಬರೀತೀನಿ. ಎಂಟು ರಾತ್ರಿ. ಅದನ್ನ ಉಪಯೋಗಿಸೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅಪ್ಪನ ಹಿಂದೆ ಬಾಗಿಲ ಹತ್ತಿರ ಅಮ್ಮ ಚಾಮುಂಡೇಶ್ವರಿ ಸೆರಗು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಮುಂದೆ ಬಂದು, “ಸಾಕು, ಫೋನಿಡಿ ಇಬ್ಬರೂ” ಎಂದರು.

ಸೋಮವಾರ ಹಿತಾ ಅರ್ಧ ದಿನ ರಜೆ ಹಾಕಿ ತಾನೇ ಟೈಪು ಮಾಡಿದ ಕಾಗದ ಹಿಡಿದುಕೊಂಡು ಕಾನ್ಸುಲೇಟಿಗೆ ಹೋದಳು. ಹತ್ತೇ ಸಾಲು. ಜನವರಿ 8ರಿಂದ 10 ಮತ್ತು 13ರಿಂದ 17, ಈ ಎಂಟು ರಾತ್ರಿ ತಂದೆಯವರು ನನ್ನ ಮನೆಯಲ್ಲಿದ್ದರು; 11 ಮತ್ತು 12ರ ರಾತ್ರಿ ನನ್ನ ಮನೆಯಲ್ಲಿ ಇರಲಿಲ್ಲ. ಅವರು ಎಲ್ಲಿದ್ದರೆಂದು ಬರೆಯಲಿಲ್ಲ. ಅದು ಅವಳು ಕಂಡದ್ದಲ್ಲ, ಕೇಳಿದ್ದು. ಅಧಿಕಾರಿ ಒಮ್ಮೆ ಕಾಗದವನ್ನೂ ಒಮ್ಮೆ ಅವಳನ್ನೂ ನೋಡಿ ಸೀಲು ಒತ್ತಿದರು. ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಸುಮಿತ್‌ಗೆ ಕಳಿಸಿದಳು. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಎರಡು ದಿನ ಬಿಟ್ಟು ಸುಮಿತ್ ಫೋನ್ ಮಾಡಿದ.

“ಅಕ್ಕ, ಸಮಿತಿ ಮುಂದೆ ಸರ್ ಕೂತಿದ್ರು. ಹತ್ತು ರಾತ್ರಿಯೂ ಮಗಳ ಮನೇಲಿದ್ರಾ ಅಂತ ಅಧ್ಯಕ್ಷರು ಕೇಳಿದ್ರು. ಹೌದು ಅಂತಾರೆ ಅಂದ್ಕೊಂಡಿದ್ದೆ. ಸರ್, ‘ಎಂಟು’ ಅಂದ್ರು. ಆಮೇಲೆ ಅಧ್ಯಕ್ಷರು, ಫೋಟೋ? ಅಂದ್ರು. ಸರ್, ‘ಈ ಜನವರಿಯದು. ಹಿಂದಿನ ಹೇಳಿಕೆ ತಪ್ಪು’ ಅಂದ್ರು. ಏನು ಮಾತಾಡಿದಿರಿ ಅಂದ್ರೆ, ‘ವೈಯಕ್ತಿಕ’ ಅಂದ್ರು. ಎಷ್ಟು ಸಲ ಕೇಳಿದ್ರೂ ವೈಯಕ್ತಿಕ, ಅಷ್ಟೇ.”

ಹಿತಾ ಕೇಳಿಸಿಕೊಂಡಳು. ಅಪ್ಪ ಅರ್ಧ ನಿಜ ಹೇಳಿದ್ದರು. ಉಳಿದರ್ಧ ನಂದನ್‌ದು, ಅವಳದು. ಅದಕ್ಕೆ ಕೃತಜ್ಞಳಾಗಬೇಕೋ ನಾಚಬೇಕೋ ಅವಳಿಗೆ ತಿಳಿಯಲಿಲ್ಲ.

ಕೆರೆಯ ವಿಷಯವನ್ನೂ ಅವರು ಸಮಿತಿಯ ಮುಂದೆ ಎತ್ತಿದರಂತೆ. ‘ಅದು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಅಧ್ಯಕ್ಷರು ಬರೆಸಿಕೊಳ್ಳಲೇ ಇಲ್ಲ.

ಸದನದಲ್ಲಿ ನಿರ್ಣಯ ಬಂದದ್ದು ಸೆಪ್ಟೆಂಬರ್ ಮೊದಲ ವಾರ. ಹಿತಾ ಆಫೀಸಿನ ಮೀಟಿಂಗ್ ರೂಮೊಂದರಲ್ಲಿ ಒಬ್ಬಳೇ ಕೂತು ಫೋನಿನಲ್ಲಿ ನೇರಪ್ರಸಾರ ನೋಡಿದಳು. ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ದನಿಯಲ್ಲಿ ನೈತಿಕತೆಯ ಬಗ್ಗೆ ಮಾತಾಡಿದರು. ಒಬ್ಬ ಸದಸ್ಯ, “ಸ್ವಂತ ಮಗಳೇ ಕೈಬಿಟ್ಟಳು” ಎಂದ. ಅವಳ ಕಾಗದ ಸಮಿತಿಯ ಕೈಗೆ ಹೋಗಿರಲೇ ಇಲ್ಲ; ಅದು ಅವನಿಗೆ ಹೇಗೆ ಗೊತ್ತಾಯಿತು? ಸುಮಿತ್ ಹೇಳಿರಬಹುದೇ? ಕಾನ್ಸುಲೇಟಿನ ಸಾಲಿನಲ್ಲಿ ಅವಳ ಹಿಂದೆ ನಿಂತು ಇಣುಕಿ ನೋಡುತ್ತಿದ್ದ ಮನುಷ್ಯನೇ? ಪಾಯ್ಸ್? ಅವಳು ಒಬ್ಬೊಬ್ಬರ ಮುಖವನ್ನೂ ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದಾಗಲೇ ಧ್ವನಿಮತದಿಂದ ನಿರ್ಣಯ ಪಾಸಾಯಿತು. ಮೇಜು ಕುಟ್ಟಿದವರಲ್ಲಿ ಕೆರೆ ಅಂಗಳದ ಮಂತ್ರಿಯೂ ಒಬ್ಬ. ಮೂರನೇ ದಿನ ರಾಜ್ಯಪಾಲರ ಆದೇಶ ಬಂತು. ಹೊಸ ಅಡ್ವೊಕೇಟ್ ಜನರಲ್ ಬಂದ ತಿಂಗಳಲ್ಲೇ ಅದು ಕೆರೆ ಅಲ್ಲವೆಂದು ಅಭಿಪ್ರಾಯ ಬರೆದು ಕೊಟ್ಟರಂತೆ. ಪೂವಪ್ಪನ ಕೇಸಿನಲ್ಲಿ ಸರ್ಕಾರ ಐದನೇ ಸಲ ಕಾಲಾವಕಾಶ ಕೇಳಿತು.

ನಿರ್ಣಯದ ನಂತರದ ಶನಿವಾರ ನಂದನ್ ಹೇಳಿದ. “ಕೆಲಸ ಬಿಟ್ಟೆ. ನಾನೇ ರಾಜೀನಾಮೆ ಕೊಟ್ಟೆ.”

“ನೀನೇ ಕೊಟ್ಯಾ, ಅಥವಾ ಅವರೇ ಹೋಗು ಅಂದ್ರಾ?” ಅವಳ ಬಾಯಿಂದ ಬಂದೇ ಬಿಟ್ಟಿತು. ಅಪ್ಪ ಇನ್ನು ಉಪಯೋಗಕ್ಕೆ ಬರುವವರಲ್ಲ. ಅಳಿಯನನ್ನು ಪೂವಪ್ಪ ಯಾಕೆ ಇಟ್ಟುಕೊಳ್ಳುತ್ತಾನೆ?

ನಂದನ್ ಫೋನಿನಲ್ಲಿ ರಾಜೀನಾಮೆಯ ಮೇಲ್ ತೆರೆದು ಅವಳ ಮುಂದಿಟ್ಟ. ಅವಳ ಕಣ್ಣು ತಾನಾಗಿಯೇ ತಾರೀಕಿನ ಮೇಲೆ ಹೋಯಿತು. ಸದನದ ನಿರ್ಣಯಕ್ಕಿಂತ ಎರಡು ವಾರ ಮುಂಚಿನದು. ಅವಳು ಕಾನ್ಸುಲೇಟಿಗೆ ಹೋಗಿ ಬಂದ ಮರುದಿನದ್ದು.

“ನೋಡ್ಕೊಂಡ್ಯಾ?” ಎಂದ ಅವನು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

“ಸಾರಿ ನಂದು” ಎಂದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದ. ಈ ಸಲ ಅವನು ಗಡ್ಡ ಬಿಡಲಿಲ್ಲ. ಬೆಳಿಗ್ಗೆ ಎದ್ದು, ಇಸ್ತ್ರಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಹಿಡಿದು ಹತ್ತಿರದ ಲೈಬ್ರರಿಗೆ ಹೋಗಿ ಕೂತು ಅರ್ಜಿ ಹಾಕುತ್ತಿದ್ದ. ಮೊದಲ ಕೆಲವು ದಿನ ಅವನು ಹೇಳಿದ ಹೊತ್ತಿಗೇ ಬರುತ್ತಾನೋ ಇಲ್ಲವೋ ಎಂದು ಅವಳು ಗಡಿಯಾರ ನೋಡುತ್ತಿದ್ದಳು.

ಆರು ವಾರ ಅಪ್ಪ ಫೋನ್ ಮಾಡಲಿಲ್ಲ. ಅಮ್ಮನೇ ಮಾಡುತ್ತಿದ್ದರು, ತಿಂಡಿ, ಬೆನ್ನುನೋವು, ಪಕ್ಕದ ಮನೆ. ಅಪ್ಪ ಎಲ್ಲಿ ಎಂದರೆ ‘ವಾಕಿಂಗ್ ಹೋಗಿದಾರೆ’. ಬೆಳಿಗ್ಗೆ ಮಾಡಿದರೂ ವಾಕಿಂಗ್, ಮಧ್ಯಾಹ್ನ ಮಾಡಿದರೂ ವಾಕಿಂಗ್. ಅಕ್ಟೋಬರಿನ ಒಂದು ಭಾನುವಾರ ಸಂಜೆ, ಬಿಸಿಲು ಇಳಿದು ಬಾಲ್ಕನಿಯ ಬಾಗಿಲು ತೆಗೆಯುವಂತಾಗಿದ್ದಾಗ, ಅಪ್ಪನ ಹೆಸರು ಪರದೆಯ ಮೇಲೆ ಬಂತು.

“ಹೇಗಿದೀಯ ಪುಟ್ಟಿ?”

“ಚೆನ್ನಾಗಿದೀನಿ ಅಪ್ಪ. ನೀವು?”

“ಮತ್ತೆ ಕೋರ್ಟಿಗೆ ಹೋಗ್ತಿದೀನಿ. ಆ ಕೆರೆ ಸುತ್ತಮುತ್ತಲಿನ ಜನ ಬಂದಿದ್ರು, ಸರ್ಕಾರದ ಮೇಲೆ ಕೇಸು ಹಾಕ್ತಾರಂತೆ. ಫೀಸು ಬೇಡ ಅಂದೆ.”

ಒಳ್ಳೆಯ ಕೆಲಸ ಎನ್ನುವ ಮೊದಲು, ಇದರಿಂದ ಅಪ್ಪನಿಗೆ ಏನು ಸಿಗುತ್ತದೆ ಎಂದು ಅವಳ ಮನಸ್ಸು ಹುಡುಕಿತು. ಹೆಸರೇ? ಆ ಮಂತ್ರಿಯ ಮೇಲಿನ ಹಗೆಯೇ? ಬರೀ ಕೆರೆಯೂ ಇರಬಹುದು. “ಅವರೇ ಬಂದ್ರಾ, ನೀವೇ ಕರೆಸಿದ್ರಾ?” ಎಂದು ಕೇಳಿದಳು.

ಅಪ್ಪ ನಕ್ಕರು. “ಎರಡೂ ಅನ್ನು. ಬರ್ತೀವಿ ಅಂದ್ರು, ಬೇಗ ಬನ್ನಿ ಅಂದೆ.” ಆಮೇಲೆ, “ನಂದನ್‌ಗೆ ಕೆಲಸ?”

“ಹುಡುಕ್ತಿದಾನೆ. ಎರಡು ಇಂಟರ್‌ವ್ಯೂ ಆಗಿದೆ. ಅಪ್ಪ, ನೀವು ಯಾರಿಗೂ ಏನೂ ಹೇಳಬೇಡಿ.”

“ಈಗ ನಾನು ಹೇಳಿದ್ರೆ ಕೇಳೋರು ಯಾರಮ್ಮ?”

“ಆದ್ರೂ.”

“ಇಲ್ಲ. ಹೇಳೋಲ್ಲ.” ಅವರ ಉಸಿರು ಕೇಳಿಸುತ್ತಿತ್ತು. “ನಿನ್ನ ಕಾಗದ ಸುಮಿತ್ ಪ್ರಿಂಟ್ ಮಾಡಿ ಕೊಟ್ಟ. ಸಮಿತಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಓದಿದೆ. ಚೆನ್ನಾಗಿ ಬರೆದಿದ್ದೆ. ಒಂದು ಪದ ಹೆಚ್ಚಿರಲಿಲ್ಲ. ನೀನು ಲಾ ಓದಬೇಕಿತ್ತು.”

ಅಷ್ಟರಲ್ಲಿ ನಿಸರ್ಗ ಓಡಿಬಂದು, “ಈಸ್ ಇಟ್ ತಾತ? ಐ ವಾಂಟ್ ಟು ಟಾಕ್” ಎಂದು ಕೈ ಚಾಚಿದಳು. ಹಿತಾ ಫೋನು ಕೊಟ್ಟಳು. ಮಗಳು ಅದನ್ನು ಎತ್ತಿಕೊಂಡು ಕೋಣೆಗೆ ಓಡಿ ಮಂಚದ ಮೇಲೆ ಬಿದ್ದಳು.

ಹಿತಾ ಬಾಗಿಲ ಹತ್ತಿರ ನಿಂತಳು. ತಾತ ಏನೋ ಕೇಳುತ್ತಿದ್ದರು. ಮಗಳು ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದಳು. ನಿನ್ನ ಅಪ್ಪ ಮನೆಯಲ್ಲೇ ಇರುತ್ತಾನಾ, ನಿನ್ನ ಅಮ್ಮ ಅಳುತ್ತಾಳಾ ಎಂದೆಲ್ಲ ಕೇಳುತ್ತಿರಬಹುದೇ? ತಾನು ಕಿವಿಯನ್ನು ಬಾಗಿಲಿಗೆ ಅಷ್ಟು ಹತ್ತಿರ ತಂದದ್ದು ಅವಳಿಗೆ ಆಗ ಅರಿವಾಯಿತು. ಒಳಗೆ ನಿಸರ್ಗ ನೀರಿನೊಳಗೆ ಉಸಿರು ಹಿಡಿದು ಇಪ್ಪತ್ತು ಎಣಿಸಿದ ಸಾಹಸವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ವರ್ಣಿಸುತ್ತಿದ್ದಳು. ಹಿತಾ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆ ತೆಗೆಯಲು ಹೋದಳು.